‘ಸ್ಥಳೀಯರು ಆಸ್ಪತ್ರೆಗೆ ಸೇರಿಸಿದರು’: ಆ ಸ್ಥಳೀಯರ ಬಗ್ಗೆ ಎರಡು ಸಾಲು ಜಾಸ್ತಿ ಬರೆಯಿರಿ

ಮಾನ್ಯ ಸಂಪಾದಕರೇ,

ಅಪಘಾತದ ಸುದ್ದಿಗಳಲ್ಲಿ ಒಂದು ಸಾಲು ತಪ್ಪದೆ ಬರುತ್ತದೆ. ‘ಗಾಯಾಳುವನ್ನು ಸ್ಥಳೀಯರು ಆಸ್ಪತ್ರೆಗೆ ಸೇರಿಸಿದರು.’ ಅಷ್ಟೇ. ಮುಂದಿನ ಸಾಲಿನಲ್ಲಿ ಪ್ರಕರಣ ದಾಖಲಾದ ವಿಷಯ. ಗುದ್ದಿದ ಗಾಡಿ ಯಾವುದು, ಎಷ್ಟು ವೇಗದಲ್ಲಿತ್ತು, ಡ್ರೈವರ್ ಕುಡಿದಿದ್ದನಾ, ಇದೆಲ್ಲ ನಮಗೆ ಗೊತ್ತಾಗುತ್ತದೆ. ಆದರೆ ಆ ಸ್ಥಳೀಯರು ಎಷ್ಟು ಜನ ಇದ್ದರು, ರಕ್ತದಲ್ಲಿ ನೆನೆದ ಮನುಷ್ಯನನ್ನು ಯಾರ ಗಾಡಿಯ ಸೀಟಿನ ಮೇಲೆ ಮಲಗಿಸಿದರು, ಆಮೇಲೆ ಆ ಸೀಟನ್ನು ಯಾರು ತೊಳೆದರು, ಅವತ್ತು ಅವರು ಹೊರಟಿದ್ದ ಕೆಲಸ ಏನಾಯಿತು, ಮನೆಯವರಿಗೆ ಫೋನ್ ಮಾಡಿ ‘ಗಾಬರಿ ಆಗಬೇಡಿ’ ಅಂತ ಮೊದಲ ಮಾತು ಹೇಳಿದವರು ಯಾರು, ಇದು ಯಾವುದೂ ಗೊತ್ತಾಗುವುದಿಲ್ಲ.

ಇದು ವರದಿಗಾರರ ಮೇಲಿನ ದೂರಲ್ಲ. ಓದುವ ನಮ್ಮ ಕಣ್ಣಿಗೂ ಆ ಸಾಲು ಬೀಳುವುದಿಲ್ಲ. ಬಿದ್ದವರನ್ನು ಯಾರಾದರೂ ಎತ್ತೇ ಎತ್ತುತ್ತಾರೆ ಅಂತ ನಮಗೆ ಒಳಗೊಳಗೇ ಅಷ್ಟು ಖಾತ್ರಿ ಇದೆ. ಆದರೂ ಅದೇ ಪೇಪರ್ ಮಡಚಿಟ್ಟು ‘ಕಾಲ ಕೆಟ್ಟುಹೋಯಿತು, ಮನುಷ್ಯತ್ವ ಅನ್ನೋದೇ ಉಳಿದಿಲ್ಲ’ ಅಂತ ಹೇಳುವವರೂ ನಾವೇ. ಈ ಎರಡನೇ ಮಾತು ನಿಜ ಅಲ್ಲ ಅಂತ ಹೇಳುವುದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

‘ಕಾಲ ಕೆಟ್ಟುಹೋಯಿತು’ ಅನ್ನುವುದು ಇವತ್ತಿನ ಮಾತಲ್ಲ. ಆಡಮ್ ಮಾಸ್ಟ್ರೊಯಾನಿ ಮತ್ತು ಡೇನಿಯಲ್ ಗಿಲ್ಬರ್ಟ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು ಈ ಮಾತನ್ನೇ ಹಿಡಿದು ಹುಡುಕಿದರು. 1949ರಿಂದ ಈಚೆಗೆ ನಡೆದ ಸಮೀಕ್ಷೆಗಳನ್ನು ಒಟ್ಟುಹಾಕಿ ನೋಡಿ, 2023ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಕನಿಷ್ಠ 60 ದೇಶಗಳ ಜನ ಹೇಳಿದ್ದು ಒಂದೇ: ಜನ ಮೊದಲಿನಷ್ಟು ಒಳ್ಳೆಯವರಾಗಿ ಉಳಿದಿಲ್ಲ. ಯಾವಾಗಿನಿಂದ ಕೆಟ್ಟಿತು ಅಂತ ಕೇಳಿದರೆ, ಹೆಚ್ಚುಕಡಿಮೆ ತಾವು ಹುಟ್ಟಿದ ಕಾಲದಿಂದ ಅನ್ನುತ್ತಾರೆ. ಚಿಕ್ಕ ವಯಸ್ಸಿನವರದ್ದೂ ಅದೇ ಉತ್ತರ, ವಯಸ್ಸಾದವರದ್ದೂ ಅದೇ ಉತ್ತರ. ಇನ್ನೊಂದು ಬಗೆಯ ಸಮೀಕ್ಷೆಗಳೂ ಇವೆ. ನಿನ್ನೆ ನಿಮ್ಮನ್ನು ಮರ್ಯಾದೆಯಿಂದ ನಡೆಸಿಕೊಂಡರಾ, ಗುರುತಿಲ್ಲದವರಿಗೆ ನೀವು ಸಹಾಯ ಮಾಡಿದಿರಾ ಅಂತ ನೇರವಾಗಿ ಕೇಳುವಂಥವು. ಅಲ್ಲಿ ಬಂದ ಉತ್ತರಗಳು ಎಷ್ಟು ವರ್ಷ ಕಳೆದರೂ ಹೆಚ್ಚು ಬದಲಾಗಿಲ್ಲ. ದೂರದಲ್ಲಿರುವ ‘ಜನ’ ಕೆಟ್ಟವರಾಗಿ ಕಾಣುತ್ತಾರೆ, ದಿನಾ ಎದುರಿಗೆ ಸಿಗುವವರು ಪರವಾಗಿಲ್ಲ ಅನಿಸುತ್ತಾರೆ. ನಾವು ಕಣ್ಣಾರೆ ನೋಡಿದ ಜನರನ್ನು ಬಿಟ್ಟು, ನೋಡದೇ ಇರುವ ಜನರ ಮೇಲೆ ತೀರ್ಪು ಕೊಟ್ಟು ಕೂತಿದ್ದೇವೆ.

ಕಣ್ಣಾರೆ ನೋಡಿದ್ದನ್ನೇ ತೆಗೆದುಕೊಳ್ಳೋಣ. ಒಂದು ದಿನದಲ್ಲಿ ಎಷ್ಟು ಸಹಾಯ ಪಡೆಯುತ್ತೇವೆ ಅಂತ ಯಾರಾದರೂ ಕೂತು ಎಣಿಸಿದ್ದಾರಾ? ಎಣಿಸಿದ್ದಾರೆ. ಜೊವಾನಿ ರೊಸ್ಸಿ ಅನ್ನುವವರು ಮತ್ತು ಅವರ ಜೊತೆಗಾರರು 8 ಭಾಷೆಗಳ ಜನ ಮನೆಯಲ್ಲಿ, ಕೆಲಸದ ಜಾಗದಲ್ಲಿ ಸುಮ್ನೆ ತಮ್ಮ ಪಾಡಿಗೆ ಇರುವುದನ್ನು ವಿಡಿಯೊ ಮಾಡಿದರು. ಇಟಲಿ, ಪೋಲೆಂಡ್, ಲಾವೋಸ್, ಘಾನಾ, ಎಕ್ವಡಾರ್‌ನಿಂದ ಹಿಡಿದು ಆಸ್ಟ್ರೇಲಿಯಾದ ಮೂಲನಿವಾಸಿಗಳವರೆಗೆ. 40 ಗಂಟೆಗೂ ಜಾಸ್ತಿ ವಿಡಿಯೊ, 350ಕ್ಕೂ ಹೆಚ್ಚು ಜನ. 2023ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ‘ಅದನ್ನ ಸ್ವಲ್ಪ ಕೊಡು’, ‘ಇದನ್ನ ಹಿಡ್ಕೋ’, ‘ಒಂದು ನಿಮಿಷ ಬಾ’, ಇಂಥ ಸಣ್ಣ ಬೇಡಿಕೆ ಸರಾಸರಿ 2 ನಿಮಿಷ 17 ಸೆಕೆಂಡಿಗೆ ಒಂದು ಸಲ ಬರುತ್ತದೆ. ‘ಆಗಲ್ಲ’ ಅಂದವರಿಗಿಂತ ಮಾಡಿಕೊಟ್ಟವರು 7 ಪಟ್ಟು ಜಾಸ್ತಿ. ಇದು ಶ್ರೀಮಂತ ದೇಶ, ಬಡ ದೇಶ, ಪಟ್ಟಣ, ಹಳ್ಳಿ ಅಂತ ಹೆಚ್ಚು ಬದಲಾಗುವುದಿಲ್ಲ.

ಇದರಲ್ಲಿ ನನಗೆ ತುಂಬಾ ಹಿಡಿಸಿದ ಸಂಗತಿ ಇನ್ನೊಂದಿದೆ. ‘ಆಗಲ್ಲ’ ಅನ್ನುವವರು ಸಾಮಾನ್ಯವಾಗಿ ಕಾರಣ ಕೊಡುತ್ತಾರೆ. ಕೈಯಲ್ಲಿ ಕೆಲಸ ಇದೆ, ಅದು ನನ್ನ ಹತ್ತಿರ ಇಲ್ಲ, ಹೀಗೆ ಏನೋ ಒಂದು. ಮಾಡಿಕೊಡುವವರು ಕಾರಣ ಹೇಳುವುದಿಲ್ಲ, ಸುಮ್ಮನೆ ಮಾಡಿಬಿಡುತ್ತಾರೆ. ಯಾಕೆ ಸಹಾಯ ಮಾಡಿದೆ ಅಂತ ಯಾರೂ ಯಾರನ್ನೂ ಕೇಳುವುದಿಲ್ಲ, ಕೇಳಿದರೆ ಅದೇ ವಿಚಿತ್ರ ಅನಿಸುತ್ತದೆ. ಮಾಡದೇ ಇದ್ದಾಗ ಮಾತ್ರ ವಿವರಣೆ ಬೇಕು. ಮನುಷ್ಯ ಮೂಲದಲ್ಲಿ ಸ್ವಾರ್ಥಿ ಅನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು. ಸ್ವಾರ್ಥವೇ ಸಹಜ ಆಗಿದ್ದರೆ, ಕೊಡುವುದಕ್ಕೆ ಕಾರಣ ಬೇಕಿತ್ತು, ಕೊಡದೇ ಇರುವುದಕ್ಕೆ ಬೇಕಿರಲಿಲ್ಲ.

ನಾನು ನೋಡಿದ ಒಂದು ಸಂಗತಿ ಹೇಳುತ್ತೇನೆ. ಒಂದು ಆಸ್ಪತ್ರೆಯ ಹೊರರೋಗಿ ವಿಭಾಗ. ಕೂರಲು ಜಾಗ ಇಲ್ಲದಷ್ಟು ಜನ. ಟೋಕನ್ ನಂಬರ್ ಬೋರ್ಡಿನ ಮೇಲೆ ಬರುತ್ತಿತ್ತು, ಕೂಗುವವರು ಯಾರೂ ಇರಲಿಲ್ಲ. ವಯಸ್ಸಾದ ಒಬ್ಬ ಅಮ್ಮ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡುತ್ತಿದ್ದರು. ಪಕ್ಕದಲ್ಲಿದ್ದ ಹುಡುಗ, ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು, ಕೈ ಚಾಚಿ ಚೀಟಿ ತೆಗೆದುಕೊಂಡು ನೋಡಿ, ‘ಇನ್ನೂ ತುಂಬಾ ಜನ ಇದ್ದಾರೆ ಅಜ್ಜಿ, ನಾನು ಹೇಳ್ತೀನಿ’ ಅಂದ. ಅಷ್ಟೇ ಮಾತು. ಆಮೇಲೆ ಅವನು ತನ್ನ ಫೋನಿನಲ್ಲಿ ಮುಳುಗಿದ. ಅವನೂ ಯಾರದೋ ರಿಪೋರ್ಟಿಗೆ ಕಾಯುತ್ತಿದ್ದ, ಮಧ್ಯೆ ಮಧ್ಯೆ ಎದ್ದು ಹೋಗಿ ಕೌಂಟರಿನಲ್ಲಿ ಕೇಳಿ ಮುಖ ಸಣ್ಣ ಮಾಡಿಕೊಂಡು ಬರುತ್ತಿದ್ದ. ಅಜ್ಜಿ ಕೂತಲ್ಲೇ ನಿದ್ದೆ ಹೋದರು. ನನಗೆ ಆತಂಕ, ಈ ಹುಡುಗ ಮರೆತುಬಿಟ್ಟರೆ ಅಂತ. ಅವನು ಮರೆಯಲಿಲ್ಲ. ಅಜ್ಜಿಯ ನಂಬರಿಗೆ ಇನ್ನೂ ಇಬ್ಬರು ಇರುವಾಗಲೇ ಎದ್ದ. ಅಜ್ಜಿಯನ್ನು ಮುಟ್ಟಲಿಲ್ಲ, ಕುರ್ಚಿಯ ಕೈ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿದ. ಬೆಚ್ಚಿಬೀಳಬಾರದಲ್ಲ, ಅದಕ್ಕೆ. ಎದ್ದ ಮೇಲೆ ಸೆರಗು ಸರಿಮಾಡಿಕೊಳ್ಳಲು, ಕನ್ನಡಕ ಹುಡುಕಲು, ಕಾಲು ಜೋಮು ಹಿಡಿದಿದ್ದು ಬಿಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಮೊದಲೇ ಎಬ್ಬಿಸಿದ್ದ. ಬಾಗಿಲಿನವರೆಗೆ ಬಿಟ್ಟು ಬಂದ. ಅಜ್ಜಿ ಥ್ಯಾಂಕ್ಸ್ ಹೇಳಲಿಲ್ಲ, ಅವನೂ ನಿರೀಕ್ಷೆ ಮಾಡಲಿಲ್ಲ. ಅಲ್ಲಿದ್ದ ಯಾರೂ ಅದನ್ನು ದೊಡ್ಡದು ಅಂದುಕೊಳ್ಳಲಿಲ್ಲ.

ಇಬ್ಬರು ಇರುವಾಗಲೇ ಎಬ್ಬಿಸಬೇಕು ಅಂತ ಅವನಿಗೆ ಯಾರು ಕಲಿಸಿದರು? ಬಹುಶಃ ಅವನ ಮನೆಯಲ್ಲೂ ಒಬ್ಬ ಅಜ್ಜಿ ಇದ್ದಾರು. ಅಥವಾ ಇಲ್ಲದೆಯೂ ಇರಬಹುದು. ಇನ್ನೊಬ್ಬರ ಜಾಗದಲ್ಲಿ ನಿಂತು ಯೋಚಿಸುವುದು ನಮಗೆ ಎಷ್ಟು ಸಲೀಸಾಗಿ ಬರುತ್ತದೆ ಎಂದರೆ, ಅದೊಂದು ಶಕ್ತಿ ಅಂತಲೇ ನಮಗೆ ಅನಿಸುವುದಿಲ್ಲ.

ಈ ಗುಣ ತುಂಬಾ ಚಿಕ್ಕ ವಯಸ್ಸಿಗೇ ಕಾಣಿಸಿಕೊಳ್ಳುತ್ತದೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕಲ್ ಟೊಮಸೆಲ್ಲೊ 18 ತಿಂಗಳ ಮಕ್ಕಳ ಎದುರು ಸಣ್ಣಸಣ್ಣ ನಾಟಕ ಮಾಡಿದರು. ಬಟ್ಟೆ ಒಣಹಾಕುವಾಗ ಕ್ಲಿಪ್ ಕೈಜಾರಿ ಬೀಳುತ್ತದೆ, ಎತ್ತಿಕೊಳ್ಳಲು ಕೈ ಎಟುಕುವುದಿಲ್ಲ. ಎರಡೂ ಕೈ ತುಂಬ ಪುಸ್ತಕ ಹಿಡಿದವರು ಬೀರುವಿನ ಬಾಗಿಲು ತೆಗೆಯಲಾಗದೆ ಒದ್ದಾಡುತ್ತಾರೆ. ‘ಬಾ ಮರಿ, ಸಹಾಯ ಮಾಡು’ ಅಂತ ಕರೆಯುವುದಿಲ್ಲ, ಕೊಟ್ಟರೆ ಹೊಗಳುವುದೂ ಇಲ್ಲ. ಎದುರಿಗಿದ್ದವರು ಮಗುವಿಗೆ ಹೊಸಬರು. 24 ಮಕ್ಕಳಲ್ಲಿ 22 ಮಕ್ಕಳು ಒಂದು ಸಲವಾದರೂ ಎದ್ದು ಹೋಗಿ ಸಹಾಯ ಮಾಡಿದವು. ಇನ್ನೂ ಸರಿಯಾಗಿ ನಡೆಯಲು ಬಾರದ ಮಕ್ಕಳು! ಇದು 2006ರ ಮಾತು. ಎರಡು ವರ್ಷ ಬಿಟ್ಟು ಅವರೇ ಇನ್ನೊಂದು ಪ್ರಯೋಗ ಮಾಡಿದರು. ಸಹಾಯ ಮಾಡಿದಾಗೆಲ್ಲ ಬಹುಮಾನ ಕೊಟ್ಟ ಮಕ್ಕಳು, ಬಹುಮಾನ ನಿಲ್ಲಿಸಿದ ಮೇಲೆ ಸಹಾಯ ಮಾಡುವುದನ್ನೂ ಕಡಿಮೆ ಮಾಡಿದವು. ಏನೂ ಸಿಗದೆ ಮಾಡುತ್ತಿದ್ದ ಮಕ್ಕಳು ಮಾಡುತ್ತಲೇ ಇದ್ದವು. ಈ ಎರಡನೇ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಕೊನೆಗೆ ನಾನು ಕೇಳಲಿರುವುದಕ್ಕೆ ಇದು ಬೇಕಾಗುತ್ತದೆ.

ಮಕ್ಕಳು ಬಿಡಿ, ದುಡ್ಡು ಕಂಡರೆ ದೊಡ್ಡವರ ಬಣ್ಣ ಬಯಲಾಗುತ್ತದೆ ಅನ್ನುವವರಿದ್ದಾರೆ. ಅದನ್ನೂ ಪರೀಕ್ಷೆ ಮಾಡಿದ್ದಾರೆ, ಅದೂ ದೊಡ್ಡ ಮಟ್ಟದಲ್ಲಿ. 40 ದೇಶಗಳ 355 ನಗರಗಳಲ್ಲಿ 17,000ಕ್ಕೂ ಹೆಚ್ಚು ಪರ್ಸ್‌ಗಳನ್ನು ಬ್ಯಾಂಕ್, ಅಂಚೆ ಕಚೇರಿ, ಹೋಟೆಲ್, ಪೊಲೀಸ್ ಠಾಣೆ ಇಂಥ ಕಡೆ ಕೌಂಟರಿನಲ್ಲಿದ್ದವರ ಕೈಗೆ ಕೊಟ್ಟು, ‘ರಸ್ತೆಯಲ್ಲಿ ಸಿಕ್ಕಿತು, ನನಗೆ ಅರ್ಜೆಂಟು ಇದೆ, ನೀವೇ ತಲುಪಿಸಿಬಿಡಿ’ ಅಂತ ಹೇಳಿ ಹೊರಟುಬಿಡುವುದು. ಪರ್ಸ್ ಒಳಗೆ ಮಾಲೀಕರ ಹೆಸರು, ಇಮೇಲ್ ವಿಳಾಸ ಇತ್ತು. ಕೆಲವದರಲ್ಲಿ ದುಡ್ಡು ಇತ್ತು, ಕೆಲವದರಲ್ಲಿ ಇರಲಿಲ್ಲ. ದುಡ್ಡಿಲ್ಲದ ಪರ್ಸ್ ವಿಷಯದಲ್ಲಿ ಮಾಲೀಕರಿಗೆ ತಿಳಿಸಿದವರು ಶೇ 40. ದುಡ್ಡು ಇದ್ದ ಪರ್ಸ್ ವಿಷಯದಲ್ಲಿ ಶೇ 51. 40ರಲ್ಲಿ 38 ದೇಶಗಳಲ್ಲಿ ಹೀಗೇ, ದುಡ್ಡಿದ್ದರೇ ವಾಪಸ್ ಬಂದದ್ದು ಜಾಸ್ತಿ. ಮೂರು ದೇಶಗಳಲ್ಲಿ ಇನ್ನೂ ದೊಡ್ಡ ಮೊತ್ತ ಇಟ್ಟು ನೋಡಿದರು, ಆಗ ಶೇ 72ಕ್ಕೆ ಏರಿತು. ಇದೇ ಪರೀಕ್ಷೆಯ ಫಲಿತಾಂಶ ಏನಿರಬಹುದು ಅಂತ ಜನಸಾಮಾನ್ಯರನ್ನು ಕೇಳಿದರೆ ಉಲ್ಟಾ ಹೇಳಿದ್ದರು, ದುಡ್ಡು ಜಾಸ್ತಿಯಾದಷ್ಟೂ ಜೇಬಿಗೆ ಹಾಕಿಕೊಳ್ಳುತ್ತಾರೆ ಅಂತ. ಪಕ್ಕಾ ಲೆಕ್ಕಾಚಾರದ ಅರ್ಥಶಾಸ್ತ್ರಜ್ಞರ ಅಂದಾಜೂ ಸರಿಬರಲಿಲ್ಲ. 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಇದು.

ಕಳ್ಳ ಅನಿಸಿಕೊಳ್ಳಲು ಮನಸ್ಸು ಒಪ್ಪುವುದಿಲ್ಲ, ಅದೊಂದು ಕಾರಣ. ಬೇರೆಯವರ ಕಣ್ಣಿಗಲ್ಲ, ತನ್ನ ಕಣ್ಣಿಗೇ. ಆದರೆ ಅದೊಂದೇ ಅಲ್ಲ. ಪರ್ಸ್‌ನಲ್ಲಿ ಒಂದು ಕೀಲಿಕೈ ಇದ್ದರೆ ವಾಪಸ್ ಮಾಡಿದವರು ಇನ್ನೂ ಹೆಚ್ಚು. ಕೀಲಿಕೈ ಸಿಕ್ಕವರಿಗೆ ಯಾವ ಉಪಯೋಗಕ್ಕೂ ಬಾರದ ವಸ್ತು, ಕಳಕೊಂಡವರಿಗೆ ಮಾತ್ರ ಬೇಕಾದದ್ದು. ಪಾಪ, ಯಾರೋ ಬಾಗಿಲ ಹೊರಗೆ ನಿಂತಿರಬಹುದು ಅಂತ ಆ ಕೌಂಟರಿನವರಿಗೆ ಅನಿಸಿತು.

ಈಗ ಪತ್ರಿಕೆಗಳಿಗೆ ನೇರವಾಗಿ ಸಂಬಂಧಪಟ್ಟ ಒಂದು ಹಳೆಯ ವಿಷಯ. 1964ರಲ್ಲಿ ನ್ಯೂಯಾರ್ಕಿನಲ್ಲಿ ರಾತ್ರಿ ಹೊತ್ತು ಮನೆಗೆ ಬರುತ್ತಿದ್ದ ಒಬ್ಬ ಯುವತಿಯ ಕೊಲೆಯಾಯಿತು. 38 ಜನ ಕಿಟಕಿಯಿಂದ ನೋಡಿದರೂ ದಾಳಿ ನಡೆಯುತ್ತಿದ್ದಾಗ ಒಬ್ಬರೂ ಪೊಲೀಸರಿಗೆ ಫೋನ್ ಮಾಡಲಿಲ್ಲ ಅಂತ ‘ನ್ಯೂಯಾರ್ಕ್ ಟೈಮ್ಸ್’ ಮುಖಪುಟದಲ್ಲಿ ಬರೆಯಿತು. ಜಗತ್ತೇ ಬೆಚ್ಚಿತು. ಪಠ್ಯಪುಸ್ತಕಗಳಿಗೂ ಬಂತು. ಗುಂಪಿನಲ್ಲಿದ್ದಾಗ ಯಾರೂ ಸಹಾಯಕ್ಕೆ ಬರುವುದಿಲ್ಲ ಅನ್ನೋ ಪಾಠಕ್ಕೆ ಇದೇ ಮೊದಲ ಉದಾಹರಣೆ ಆಯಿತು. ಆಮೇಲೆ ಹುಡುಕಿದವರಿಗೆ ಸಿಕ್ಕಿದ್ದು ಬೇರೆ. ಪೂರ್ತಿ ಘಟನೆಯನ್ನು ಕಂಡವರು ಯಾರೂ ಇರಲಿಲ್ಲ, ಹೆಚ್ಚಿನವರು ಏನೋ ಕೂಗು ಕೇಳಿದ್ದರು ಅಷ್ಟೇ. ಪಕ್ಕದ ಮನೆಯ ಒಬ್ಬ ಹೆಣ್ಣುಮಗಳು ಕೊಲೆಗಾರ ಇನ್ನೂ ಅಲ್ಲೇ ಇದ್ದಾನೋ ಹೋದನೋ ಗೊತ್ತಿಲ್ಲದೆಯೇ ಆ ಕತ್ತಲಲ್ಲಿ ಓಡಿಬಂದು, ಆ ಯುವತಿಯನ್ನು ತೋಳಿನಲ್ಲಿ ಹಿಡಿದುಕೊಂಡು ಕೂತಿದ್ದರು. ಆಂಬುಲೆನ್ಸ್ ಬರುವವರೆಗೂ ಹಿಡಿದಿದ್ದರು. ಆ ದೊಡ್ಡ ಸುದ್ದಿಯಲ್ಲಿ ಅವರಿಗೆ ಜಾಗ ಇರಲಿಲ್ಲ. ತನ್ನ ವರದಿಯಲ್ಲಿ ತಪ್ಪಿತ್ತು ಅಂತ ಆ ಪತ್ರಿಕೆಯೇ 2016ರಲ್ಲಿ ಒಪ್ಪಿಕೊಂಡಿತು. 52 ವರ್ಷ! ಅಷ್ಟು ಹೊತ್ತಿಗೆ ಎಷ್ಟು ತಲೆಮಾರಿನ ವಿದ್ಯಾರ್ಥಿಗಳು ಆ 38 ಜನರ ಕಥೆ ಓದಿ ಮನುಷ್ಯರ ಮೇಲೆ ನಂಬಿಕೆ ಕಳಕೊಂಡಿದ್ದರೋ. ಆ ಹೆಣ್ಣುಮಗಳ ಬಗ್ಗೆ ಅವತ್ತೇ ಎರಡು ಸಾಲು ಬರೆದಿದ್ದರೆ ಪಾಠವೇ ಬೇರೆ ಆಗುತ್ತಿತ್ತು ಅಂತ ನನಗೆ ಬಲವಾಗಿ ಅನಿಸುತ್ತದೆ.

ಈಗ ಬೀದಿಬೀದಿಯಲ್ಲಿ ಕ್ಯಾಮೆರಾ ಇರುವುದರಿಂದ ಊಹೆ ಮಾಡಬೇಕಾಗಿಲ್ಲ. ಬ್ರಿಟನ್ನಿನ ಲ್ಯಾಂಕಾಸ್ಟರ್, ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್, ದಕ್ಷಿಣ ಆಫ್ರಿಕಾದ ಕೇಪ್‌ಟೌನ್, ಈ ಮೂರು ಊರುಗಳ ಸಿಸಿಟಿವಿಯಲ್ಲಿ ಸಿಕ್ಕ 219 ಬೀದಿ ಜಗಳಗಳನ್ನು ಸಂಶೋಧಕರು ಕೂತು ನೋಡಿದರು. 10ರಲ್ಲಿ 9 ಕಡೆ ನೋಡುತ್ತಿದ್ದವರಲ್ಲಿ ಒಬ್ಬರಾದರೂ ಮಧ್ಯೆ ಬಂದಿದ್ದರು. ಕೈ ಹಿಡಿದು ಎಳೆದವರು, ನಡುವೆ ನಿಂತವರು, ಏಟು ತಿಂದವನನ್ನು ಸಮಾಧಾನ ಮಾಡಿದವರು. ಜನ ಜಾಸ್ತಿ ಇದ್ದಷ್ಟೂ ಯಾರಾದರೊಬ್ಬರು ಮುಂದೆ ಬರುವ ಸಾಧ್ಯತೆಯೂ ಜಾಸ್ತಿ ಇತ್ತು. ಎಲ್ಲರೂ ಮೊಬೈಲ್ ಹಿಡಿದು ವಿಡಿಯೊ ಮಾಡುತ್ತಾರೆ ಅನ್ನುತ್ತೇವಲ್ಲ, ಮಾಡುವವರೂ ಇದ್ದಾರೆ, ನನಗೂ ಅದನ್ನು ಕಂಡರೆ ಸಿಟ್ಟು ಬರುತ್ತದೆ. ಆದರೆ ಆ ವಿಡಿಯೊಗಳಲ್ಲೇ ಬಿಡಿಸಲು ಹೋದವರೂ ಇರುತ್ತಾರೆ, ಅವರನ್ನು ಒಂದು ಸಲ ಹುಡುಕಿ ನೋಡಿ.

ಹಾಗಂತ ಎಲ್ಲರೂ ದೇವರಂಥವರು, ಕೆಟ್ಟದ್ದು ಏನೂ ಇಲ್ಲ ಅಂತ ನಾನು ಹೇಳುತ್ತಿಲ್ಲ. ಮೋಸ ಇದೆ, ಕ್ರೌರ್ಯ ಇದೆ. ನಿಮ್ಮ ಪತ್ರಿಕೆ ಅದನ್ನು ಬರೆಯಲೇಬೇಕು, ಬರೆಯದಿದ್ದರೆ ನಾನೇ ಇನ್ನೊಂದು ಪತ್ರ ಬರೆಯುತ್ತೇನೆ. ಇನ್ನೊಂದು ಕಹಿ ಸಂಗತಿಯೂ ನಿಜ: ನಮ್ಮ ಒಳ್ಳೆಯತನ ನಮ್ಮವರು ಅನಿಸಿದವರ ಕಡೆಗೆ ಬೇಗ ಹರಿಯುತ್ತದೆ. ಓಣಿಯವರ ಕಷ್ಟಕ್ಕೆ ರಾತ್ರಿಯೆಲ್ಲ ಓಡಾಡಿದ ಮನುಷ್ಯ, ಬೇರೆ ಗುಂಪಿನವರು ಅಂದ ತಕ್ಷಣ ಕಲ್ಲಾಗಬಲ್ಲ. ಅದಕ್ಕೇ ‘ಅವರು ಒಳ್ಳೆಯವರಲ್ಲ’ ಅಂತ ಒಂದು ಇಡೀ ಗುಂಪಿನ ಬಗ್ಗೆ ಯಾರಾದರೂ ಹೇಳಿದಾಗ ನನಗೆ ಭಯ ಆಗುತ್ತದೆ. ಆ ಗುಂಪಿನಲ್ಲೂ ಅಜ್ಜಿಯ ಟೋಕನ್ ನೋಡಿಕೊಂಡ ಹುಡುಗರು ಇದ್ದಾರೆ. ಅವರನ್ನು ನಾವು ನೋಡಿಲ್ಲ ಅಷ್ಟೇ.

ಒಳ್ಳೆಯ ಮನಸ್ಸು ಇದ್ದೂ ಕೆಲಸಕ್ಕೆ ಬಾರದೇ ಹೋಗುವುದೂ ಉಂಟು. 1973ರಲ್ಲಿ ಜಾನ್ ಡಾರ್ಲಿ, ಡೇನಿಯಲ್ ಬ್ಯಾಟ್ಸನ್ ಎಂಬುವರು ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿ ಆಗಲು ಓದುತ್ತಿದ್ದ ವಿದ್ಯಾರ್ಥಿಗಳನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಕಳಿಸಿದರು. ದಾರಿಯಲ್ಲಿ ಒಬ್ಬ ಕೆಮ್ಮುತ್ತಾ, ನರಳುತ್ತಾ ಕುಸಿದು ಕೂತಿದ್ದ. ಬೇಕಾದಷ್ಟು ಸಮಯ ಇದ್ದವರಲ್ಲಿ ಶೇ 63 ಮಂದಿ ನಿಂತು ಸಹಾಯ ಮಾಡಿದರು. ‘ಆಗಲೇ ತಡವಾಗಿದೆ, ಓಡಿ’ ಅಂತ ಕಳಿಸಿದವರಲ್ಲಿ ನಿಂತವರು ಶೇ 10 ಮಾತ್ರ. ಆ ವಿದ್ಯಾರ್ಥಿಗಳಲ್ಲಿ ಕೆಲವರು ಹೋಗುತ್ತಿದ್ದದ್ದೇ, ದಾರಿಯಲ್ಲಿ ಬಿದ್ದವನಿಗೆ ಸಹಾಯ ಮಾಡಿದ ಬೈಬಲ್ ಕಥೆಯ ಬಗ್ಗೆ ಮಾತಾಡಲಿಕ್ಕೆ! ಓಡಿದವರು ಕೆಟ್ಟವರೇನಲ್ಲ. ತಲುಪಿದ ಮೇಲೆ ಎಷ್ಟೋ ಜನ ಕಸಿವಿಸಿಯಲ್ಲಿದ್ದರು. ಧಾವಂತ ಅವರ ಒಳ್ಳೆಯತನವನ್ನು ತಿಂದಿತ್ತು. ಇದು ನನಗೆ ಸಮಾಧಾನದ ವಿಷಯ ಅಂತಲೇ ಅನಿಸುತ್ತದೆ, ಯಾಕೆಂದರೆ ಮನುಷ್ಯರ ಸ್ವಭಾವ ತಿದ್ದುವುದಕ್ಕಿಂತ ಅವರ ಅವಸರ ಕಡಿಮೆ ಮಾಡುವುದು ಎಷ್ಟೋ ಸುಲಭ. ಕಚೇರಿಗೆ ಐದು ನಿಮಿಷ ತಡವಾದರೆ ಸಂಬಳ ಹಿಡಿಯುವ ಮೇಲಧಿಕಾರಿಗಳು ಇದನ್ನು ಓದಲಿ.

ಜನ ಒಳ್ಳೆಯವರಲ್ಲ ಅಂತ ನಂಬಿಕೊಂಡರೆ ಏನು ನಷ್ಟ, ಹುಷಾರಾಗಿ ಇರಬಹುದಲ್ಲ ಅಂತ ನೀವು ಕೇಳಬಹುದು. ನಷ್ಟ ತುಂಬಾ ಇದೆ. ಎಲ್ಲಕ್ಕಿಂತ ದೊಡ್ಡ ನಷ್ಟ, ನಾವು ಸಹಾಯ ಕೇಳುವುದನ್ನೇ ನಿಲ್ಲಿಸುತ್ತೇವೆ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟಿದ್ದರು: ಗುರುತಿಲ್ಲದವರ ಹತ್ತಿರ ಹೋಗಿ ಪ್ರಶ್ನಾವಳಿ ತುಂಬಿಕೊಡಿ ಅಂತ ಕೇಳಬೇಕು, 5 ಜನ ಒಪ್ಪಬೇಕು. ಎಷ್ಟು ಜನರನ್ನು ಕೇಳಬೇಕಾಗಬಹುದು ಅಂದರೆ 20 ಅಂದರು. ನಿಜವಾಗಿ ಕೇಳಿದಾಗ ಸುಮಾರು 10 ಜನಕ್ಕೇ ಕೆಲಸ ಮುಗಿಯಿತು. ಬೇರೆಯವರು ‘ಹೂಂ’ ಅನ್ನುವ ಸಾಧ್ಯತೆಯನ್ನು ನಾವು ಅರ್ಧಕ್ಕರ್ಧ ಕಡಿಮೆ ಅಂದುಕೊಂಡಿರುತ್ತೇವೆ.

ಪ್ರಶ್ನಾವಳಿ ಸಣ್ಣ ವಿಷಯ. ನನಗೆ ಪರಿಚಯದ ಒಬ್ಬರು, ಒಬ್ಬರೇ ಇರುವವರು, ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಬಂದರು. ದಿನಕ್ಕೆ ಹಲವು ಸಲ ಡ್ರಾಪ್ಸ್ ಹಾಕಿಕೊಳ್ಳಬೇಕು. ಕತ್ತು ಹಿಂದೆ ಮಾಡಿ, ನಡುಗುವ ಕೈಯಲ್ಲಿ ಬಾಟಲಿ ಹಿಡಿದು, ಒಂದು ಹನಿ ಕಣ್ಣಿಗೆ ಬಿದ್ದರೆ ಎರಡು ಕೆನ್ನೆಗೆ. ಬಾಟಲಿ ಬೇಗ ಖಾಲಿ ಆಗುತ್ತಿತ್ತು. ಪಕ್ಕದ ಮನೆಯಲ್ಲಿ ಮೂರು ಜನ ಇದ್ದಾರೆ. ಆದರೆ ‘ಅವರಿಗೆ ಅವರದೇ ನೂರೆಂಟು ಇರುತ್ತೆ, ಸುಮ್ನೆ ಯಾಕೆ ತೊಂದರೆ ಕೊಡೋದು’ ಅಂತ ಇವರು ಕೇಳಲಿಲ್ಲ. ಒಂದು ದಿನ ಪಕ್ಕದ ಮನೆಯಾಕೆ ಏನೋ ಕೊಡಲು ಬಂದು, ಕೆನ್ನೆ ಮೇಲೆ ಔಷಧಿ ಇಳಿದಿದ್ದನ್ನು ನೋಡಿ ಅಳುತ್ತಿದ್ದಾರೆ ಅಂದುಕೊಂಡರು. ವಿಷಯ ಗೊತ್ತಾದಾಗ ಆಕೆಗೆ ಬಂದದ್ದು ಸಿಟ್ಟು. ‘ಒಂದು ಮಾತು ಹೇಳಬಾರದಿತ್ತಾ ಅಕ್ಕ? ಇಷ್ಟು ದಿನ ನಮ್ಮನ್ನ ಏನಂತ ತಿಳ್ಕೊಂಡಿದ್ರಿ?’ ಅಂತ ಕೇಳಿಯೇಬಿಟ್ಟರು. ಅವತ್ತಿನಿಂದ ಆ ಮನೆಯ ಮೂವರೂ ಪಾಳಿ ಹಾಕಿಕೊಂಡು ಬಂದು ಡ್ರಾಪ್ಸ್ ಹಾಕಿದರು. ಶಾಲೆಗೆ ಹೋಗುವ ಹುಡುಗಿಯೂ ಬರುತ್ತಿದ್ದಳು, ಯೂನಿಫಾರಂ ಹಾಕಿಕೊಂಡೇ.

ಪಕ್ಕದ ಮನೆಯಾಕೆಯ ಆ ಪ್ರಶ್ನೆ ನನ್ನ ತಲೆಯಿಂದ ಹೋಗಿಲ್ಲ. ಕೇಳದೇ ಇರುವುದು ಸಂಕೋಚ, ದೊಡ್ಡತನ ಅಂತ ನಾವು ಅಂದುಕೊಳ್ಳುತ್ತೇವೆ. ಆಚೆ ಕಡೆಯವರಿಗೆ ಅದು ಬೇರೆ ಥರ ಕೇಳಿಸುತ್ತದೆ: ನಿಮ್ಮನ್ನು ಕೇಳಿದರೂ ನೀವು ಮಾಡುವವರಲ್ಲ ಅಂದ ಹಾಗೆ. ಎಷ್ಟು ಮನೆಗಳಲ್ಲಿ ವಯಸ್ಸಾದವರು, ಕಾಯಿಲೆಯವರು, ಚಿಕ್ಕ ಮಗು ಇಟ್ಟುಕೊಂಡು ನಿದ್ದೆಗೆಟ್ಟ ತಾಯಂದಿರು ಹೀಗೆ ಗೋಡೆಯಾಚೆ ಇರುವ ಸಹಾಯವನ್ನು ಕೇಳದೇ ಒದ್ದಾಡುತ್ತಿದ್ದಾರೋ! ದಿನಾ ಬೆಳಗ್ಗೆ ‘ಯಾರನ್ನೂ ನಂಬಬೇಡಿ’ ಅನ್ನೋ ಸುದ್ದಿಯನ್ನೇ ಓದಿದರೆ ಗೋಡೆ ತಟ್ಟುವ ಧೈರ್ಯ ಎಲ್ಲಿಂದ ಬರಬೇಕು?

ನಿಮ್ಮ ಕಷ್ಟವೂ ನನಗೆ ಅರ್ಥವಾಗುತ್ತದೆ. ಇಂಟರ್‌ನೆಟ್ ಸುದ್ದಿಯ ತಲೆಬರಹಗಳ ಮೇಲೆ 2023ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ತಲೆಬರಹದಲ್ಲಿ ಕೆಟ್ಟ ಅರ್ಥದ ಒಂದೊಂದು ಪದ ಜಾಸ್ತಿಯಾದಾಗಲೂ ಅದರ ಮೇಲೆ ಕ್ಲಿಕ್ ಮಾಡುವವರ ಪ್ರಮಾಣ ಸರಾಸರಿ ಶೇ 2.3ರಷ್ಟು ಏರುತ್ತದೆ. ನಾವು ಓದುಗರೇ ಹಾಗೆ, ಅಪಾಯದ ಕಡೆಗೆ ಕಣ್ಣು ಮೊದಲು ಹೋಗುತ್ತದೆ. ಆದ್ದರಿಂದ ‘ಒಳ್ಳೆ ಸುದ್ದಿ’ ಅಂತ ಒಂದು ಪ್ರತ್ಯೇಕ ಅಂಕಣ ಶುರುಮಾಡಿ ಅಂತ ನಾನು ಕೇಳುವುದಿಲ್ಲ. ಅಂಥದ್ದನ್ನು ಬೇರೆ ಕಡೆ ನೋಡಿದ್ದೇನೆ. ಸ್ವಲ್ಪ ದಿನಕ್ಕೆ ಅದು ಸನ್ಮಾನದ ಅಂಕಣ ಆಗಿಬಿಡುತ್ತದೆ. ಸಹಾಯ ಕೊಟ್ಟವರು ಮಧ್ಯದಲ್ಲಿ ನಗುತ್ತಾ ನಿಂತಿರುತ್ತಾರೆ, ತೆಗೆದುಕೊಂಡವರು ಪಕ್ಕದಲ್ಲಿ ತಲೆತಗ್ಗಿಸಿ. ಬಹುಮಾನ ಕೊಟ್ಟ ಮೇಲೆ ಸಹಾಯ ಕಡಿಮೆ ಮಾಡಿದ ಆ ಪುಟ್ಟ ಮಕ್ಕಳನ್ನು ಇಲ್ಲಿ ನೆನಪಿಸಿಕೊಳ್ಳಿ. ಶಾಲು, ಹಾರ, ಫೋಟೊ ಯಾವುದೂ ಬೇಡ.

ನಾನು ಕೇಳುವುದು ಇಷ್ಟೇ. ಅಪಘಾತ, ಬೆಂಕಿ, ಪ್ರವಾಹ, ಕಳ್ಳತನ, ಯಾವುದೇ ಸುದ್ದಿಗೆ ಹೋದ ವರದಿಗಾರರು ‘ಏನಾಯಿತು, ಯಾರು ಮಾಡಿದರು’ ಅಂತ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಲಿ: ‘ಮೊದಲು ಓಡಿಬಂದವರು ಯಾರು, ಏನು ಮಾಡಿದರು?’ ಬಂದ ಉತ್ತರವನ್ನು ಅದೇ ಸುದ್ದಿಯ ಒಳಗೆ, ಅದೇ ಅಕ್ಷರದಲ್ಲಿ ಹಾಕಿ. ಅವರು ಹೆಸರು ಬೇಡ ಅಂದರೆ ಬಿಟ್ಟುಬಿಡಿ, ತುಂಬಾ ಜನ ಬೇಡ ಅಂತಲೇ ಅನ್ನುತ್ತಾರೆ. ಹೊಗಳಿಕೆಯ ಮಾತೂ ಬೇಕಿಲ್ಲ. ‘ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಗಾಡಿ ನಿಲ್ಲಿಸಿದರು. ಒಬ್ಬರು ತಮ್ಮ ಅಂಗಿಯನ್ನೇ ಬಿಚ್ಚಿ ಗಾಯಕ್ಕೆ ಒತ್ತಿ ಹಿಡಿದರು, ಇನ್ನೊಬ್ಬರು ಗಾಯಾಳುವಿನ ಫೋನಿನಿಂದ ಮನೆಗೆ ತಿಳಿಸಿ, ಮನೆಯವರು ಬರುವವರೆಗೆ ಆಸ್ಪತ್ರೆಯಲ್ಲೇ ಇದ್ದರು.’ ಇಷ್ಟು ಬರೆದರೆ ಸಾಕು, ಎರಡು ಮೂರು ಸಾಲು ಜಾಸ್ತಿ ಆಗಬಹುದು. ಯಾರೂ ಬರಲಿಲ್ಲ ಅಂತಾದರೆ ಅದನ್ನೂ ಹಾಗೇ ಬರೆಯಿರಿ, ಮುಚ್ಚಿಡಬೇಡಿ.

ಜೊತೆಗೆ, ಓದುಗರ ಪತ್ರಗಳ ಈ ಜಾಗದಲ್ಲಿ ತಾವು ಕಣ್ಣಾರೆ ಕಂಡದ್ದನ್ನು ಬರೆದು ಕಳಿಸುವವರಿಗೂ ಸ್ವಲ್ಪ ಜಾಗ ಕೊಡಿ. ತಾವು ಮಾಡಿದ ಸಹಾಯ ಬೇಡ, ಬೇರೆಯವರು ಮಾಡಿದ್ದನ್ನು ನೋಡಿದ್ದು ಮಾತ್ರ. ಅಜ್ಜಿಯ ವಿಷಯ ನಾನು ಇಲ್ಲೇ ಬರೆದಾಯಿತು. ಬೇರೆಯವರದ್ದು ಓದಲು ಕಾಯುತ್ತಿರುತ್ತೇನೆ.

ವಂದನೆಗಳೊಂದಿಗೆ,
ನಿಮ್ಮ ಪತ್ರಿಕೆಯ ಹಳೆಯ ಓದುಗಾರ್ತಿ